‘ಹಳೇದು ಎಲ್ಲಿ?’ ಎಂದು ಕೇಳುತ್ತಿದ್ದವರು

ಕಳೆದ ತಿಂಗಳು ಅಡಿಲೇಡಿನಲ್ಲಿ ಅವರ ಬೀಳ್ಕೊಡುಗೆ ನಡೆಯಿತು. ಮಾತನಾಡಿದ ಐವರಲ್ಲಿ ನಾಲ್ವರು ಒಂದೇ ಸಂಗತಿಯನ್ನು ಬೇರೆ ಬೇರೆ ಪದಗಳಲ್ಲಿ ಹೇಳಿದರು: ಇವರು ಎಂದೂ ಯಾರ ಮೇಲೂ ದೂರು ಹೇಳಿದವರಲ್ಲ. ಐದನೆಯವರು ಮಾತು ಮುಗಿಸಿ ಅವರ ಬಲಗೈಗೆ ಹೂಗುಚ್ಛವೊಂದನ್ನು ಕೊಟ್ಟರು. ಆ ಕೈ ಏನನ್ನೂ ಹಿಡಿಯಲಾರದು, ನಿವೃತ್ತಿಗೆ ಕಾರಣವೇ ಆ ಕೈ ಎಂಬುದು ಕೊಟ್ಟವರಿಗೆ ಆ ಕ್ಷಣ ನೆನಪಿರಲಿಲ್ಲ. ಹೂವು ಜಾರುವ ಮೊದಲೇ ಪಕ್ಕದಲ್ಲಿದ್ದ ಅವರ ಪತ್ನಿ ಕೈ ಚಾಚಿ ಹಿಡಿದುಕೊಂಡರು. ಸಭೆ ಚಪ್ಪಾಳೆ ತಟ್ಟಿತು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಎದ್ದು ನಿಂತು ಆ ನಾಲ್ವರನ್ನೂ ಖಂಡಿಸಬೇಕೆನ್ನಿಸಿತು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗಾಗಿ ನನ್ನನ್ನು ತಯಾರು ಮಾಡಿದವರು ಕಲಿಸಿದ ಮೊದಲ ಪಾಠವೆಂದರೆ, ಎದುರಾಳಿಯ ಹೊಗಳಿಕೆಯಲ್ಲಿ ಅಡಗಿರುವ ಸುಳ್ಳನ್ನು ಮೊದಲು ಹುಡುಕು ಎಂಬುದು. ಅಂದು ನಿವೃತ್ತರಾಗುತ್ತಿದ್ದವರು ದೂರು ಹೇಳದವರಾಗಿರಲಿಲ್ಲ. ನಾನು ಬಲ್ಲಷ್ಟು ಕಾಲ ಅವರು ದಿನಕ್ಕೆ ಹತ್ತು ಬಾರಿ ದೂರು ಹೇಳುತ್ತಿದ್ದರು. ಆದರೆ ಅವರ ದೂರು ಒಂದೇ ಆಗಿತ್ತು, ಎರಡು ಪದಗಳದ್ದಾಗಿತ್ತು, ಮತ್ತು ಯಾರೂ ಅದನ್ನು ದೂರೆಂದು ಎಣಿಸಲಿಲ್ಲ: “ಹಳೇದು ಎಲ್ಲಿ?”

ಆ ಎರಡು ಪದಗಳನ್ನು ನಾನು ಮೊದಲು ಕೇಳಿದ್ದು ಪರ್ತ್‌ನಲ್ಲಿ. ನಾನಾಗ ಆಸ್ಪತ್ರೆ ಆಡಳಿತ ಓದಲು ಬಂದಿದ್ದ ವಿದ್ಯಾರ್ಥಿನಿ. ವಾರಕ್ಕೆ ಮೂರು ದಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಅವರು ಅಲ್ಲಿ ರೇಡಿಯಾಲಜಿಸ್ಟ್. ಎಕ್ಸ್‌ರೇ, ಸ್ಕ್ಯಾನುಗಳನ್ನು ಓದಿ ವರದಿ ಬರೆಯುವುದು ಅವರ ಕೆಲಸ. ಒಂದು ದಿನ ಅವರ ಕೋಣೆಯಿಂದ ಫೋನ್ ಬಂತು. ರೋಗಿಯೊಬ್ಬರ ಹಿಂದಿನ ಚಿತ್ರ ಬೇಕಂತೆ. ಹಿಂದಿನ ವರದಿ ಲಗತ್ತಿಸಿದೆಯಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಶಾಂತವಾಗಿ ವಾದಿಸಿದೆ. ಆ ಕಡೆಯಿಂದ ಅವರು ತಮ್ಮಷ್ಟಕ್ಕೆ ಗೊಣಗಿದ್ದು ಕೇಳಿಸಿತು: “ರಿಪೋರ್ಟು ಯಾರಿಗೆ ಬೇಕಿತ್ತು. ಹಳೇದು ಎಲ್ಲಿ ಅಂದ್ರೆ ಯಾರಿಗೂ ಗೊತ್ತಿಲ್ಲ.”

“ಹುಡುಕಿ ಕಳಿಸ್ತೀನಿ ಸರ್,” ಎಂದೆ, ಕನ್ನಡದಲ್ಲೇ.

ಆ ಕಡೆಯ ದನಿ ಪೂರ್ತಿ ಬದಲಾಯಿತು. “ಯಾವೂರಮ್ಮಾ ನಿಂದು?”

ಮುಂದಿನ ಭಾನುವಾರವೇ ಎಲೆನ್‌ಬ್ರೂಕ್‌ನ ಅವರ ಮನೆಯಲ್ಲಿ ನನಗೆ ಊಟ. ಆಸ್ಪತ್ರೆಯ ‘ಸರ್’ ಅಲ್ಲಿ ‘ಅಂಕಲ್’ ಆದರು, ಚರ್ಚ್ ಮುಗಿಸಿ ಬಂದು ನೇರವಾಗಿ ಒಲೆಯ ಮುಂದೆ ನಿಂತಿದ್ದ ಅವರ ಪತ್ನಿ ‘ಆಂಟಿ’ ಆದರು, ಮತ್ತು ಸಾರಿನ ಬಟ್ಟಲು ಮುಗಿಯುವ ಮೊದಲೇ ನಾನು ‘ವಕೀಲಮ್ಮ’ ಆದೆ. ಎಲ್ಲದಕ್ಕೂ ವಾದಿಸುತ್ತೇನೆಂದು ಅವರಿಟ್ಟ ಆ ಹೆಸರು ಮೂರು ಊರು ದಾಟಿ ಇವತ್ತಿಗೂ ಉಳಿದುಕೊಂಡಿದೆ.

ಅವರ ಕೋಣೆಯಲ್ಲಿ ಎರಡು ಪರದೆಗಳಿದ್ದವು. ಬಲಗಡೆ ಹೊಸ ಚಿತ್ರ, ಎಡಗಡೆ ಹಳೆಯದು. ಎಡಗಡೆಯದು ಖಾಲಿಯಿದ್ದರೆ ಅವರು ಬಲಗಡೆಯದನ್ನು ನೋಡುತ್ತಲೇ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಕೈಕಟ್ಟಿ ಕುಳಿತುಬಿಡುತ್ತಿದ್ದರು. ಕಿರಿಯ ವೈದ್ಯರು ಇದನ್ನು ಹಠವೆಂದು ನಗುತ್ತಿದ್ದರು. ಅಂಕಲ್‌ರ ವಾದ ಸರಳವಾಗಿತ್ತು. ಒಂದು ಚಿತ್ರ ಏನಿದೆ ಎಂಬುದನ್ನಷ್ಟೇ ಹೇಳುತ್ತದೆ. ಏನಾಗುತ್ತಿದೆ ಎಂದು ಹೇಳಲು ಎರಡು ಬೇಕು. ಎರಡೂ ಸಿಕ್ಕಾಗ ಪೆನ್ನಿನ ಮುಚ್ಚಳದಿಂದ ಎಡ ಪರದೆಯ ಒಂದು ಬಿಂದುವನ್ನೂ ಬಲ ಪರದೆಯ ಅದೇ ಬಿಂದುವನ್ನೂ ಸರದಿಯಂತೆ ತಟ್ಟುತ್ತಿದ್ದರು. ವರದಿಯ ಮೊದಲ ವಾಕ್ಯ ಯಾವಾಗಲೂ ಒಂದೇ: ‘ಹಿಂದಿನ ಚಿತ್ರದೊಂದಿಗೆ ಹೋಲಿಸಲಾಗಿ...’ ಎಲ್ಲರೂ ಕಂಪ್ಯೂಟರಿನಲ್ಲೇ ಒಪ್ಪಿಗೆ ಒತ್ತುವ ಕಾಲದಲ್ಲೂ ಕಾಗದದ ಪ್ರತಿಗೆ ಶಾಯಿ ಪೆನ್ನಿನಿಂದ ಸಹಿ ಹಾಕುವ ಶೋಕಿಯೊಂದು ಅವರಿಗಿತ್ತು. ಕೊನೆಯ ಅಕ್ಷರದಿಂದ ಹೊರಟ ಗೆರೆ ಹಿಂದಕ್ಕೆ ಬಳುಕಿ, ಇಡೀ ಹೆಸರಿನ ಕೆಳಗೆ ಹಾದು, ಎರಡು ಚುಕ್ಕೆಗಳಲ್ಲಿ ಮುಗಿಯುತ್ತಿತ್ತು.

ನನ್ನ ಬದುಕಿನಲ್ಲಿ ನಾನು ಪೂರ್ತಿಯಾಗಿ ಗೆದ್ದ ಏಕೈಕ ಸುಧಾರಣೆ ಆ ಆಸ್ಪತ್ರೆಯಲ್ಲೇ ನಡೆಯಿತು. ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು; ಒಬ್ಬರ ಸ್ಕ್ಯಾನಿನ ಸಿ.ಡಿ.ಯನ್ನು ನಮ್ಮ ವಿಭಾಗ ಇನ್ನೊಬ್ಬರಿಗೆ ಕೊಟ್ಟುಬಿಟ್ಟಿತು. ಎಲ್ಲರೂ ಕ್ಷಮೆ ಕೇಳಿ ಮರೆತರು. ನಾನು ಮರೆಯಲಿಲ್ಲ. ದಾಖಲೆ ಕೇಳಿ ಬರುವ ಪ್ರತಿ ಅರ್ಜಿಯ ಸಹಿಯನ್ನು ಕಡತದಲ್ಲಿರುವ ಹಳೆಯ ಸಹಿಯೊಂದಿಗೆ ಹೋಲಿಸತಕ್ಕದ್ದು, ಹೊಂದದಿದ್ದರೆ ಅರ್ಜಿಯನ್ನು ಹಿಂದಿರುಗಿಸತಕ್ಕದ್ದು ಎಂದು ನಾಲ್ಕು ಪುಟದ ಪ್ರಸ್ತಾವ ಬರೆದು, ಮೂರು ಸಭೆಗಳಲ್ಲಿ ಮಂಡಿಸಿ, ನಿಯಮವಾಗಿಸಿದೆ. ವಿನಾಯಿತಿ ಬೇಡವೇ ಎಂದು ಮೇಲಧಿಕಾರಿಯೊಬ್ಬರು ಕೇಳಿದಾಗ, ವಿನಾಯಿತಿಯೇ ತಪ್ಪಿನ ಬಾಗಿಲೆಂದು ಉತ್ತರಿಸಿದ್ದೆ. ಅಂಕಲ್‌ಗೆ ಖುಷಿಯೋ ಖುಷಿ. ಆಸ್ಪತ್ರೆಯಲ್ಲಿ ಕೊನೆಗೂ ಯಾರೋ ಒಬ್ಬರು ಹಳೆಯದನ್ನು ತೆಗೆದು ನೋಡತೊಡಗಿದರಲ್ಲ ಎಂದು ಆ ವಾರವೆಲ್ಲ ಹೇಳಿಕೊಂಡು ತಿರುಗಿದರು.

ಮರುವರ್ಷ ಅವರ ಕತ್ತಿನ ಶಸ್ತ್ರಚಿಕಿತ್ಸೆಯಾಯಿತು. ವರ್ಷಗಟ್ಟಲೆ ಪರದೆಗೆ ಬಾಗಿದ ಕತ್ತು. ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕು ಜರುಗಿ ನರವನ್ನೊತ್ತಿ, ಬಲಗೈಗೆ ಬೆಂಕಿ ಹರಿದಂತೆ ನೋವು. ಹಾಳಾದ ಡಿಸ್ಕನ್ನು ತೆಗೆದು, ಅಲ್ಲಿ ಮೂಳೆಯ ತುಣುಕಿಟ್ಟು, ಮುಂದುಗಡೆ ಲೋಹದ ಪಟ್ಟಿ ಬಿಗಿದು ಎರಡೂ ಮೂಳೆಗಳನ್ನು ಒಂದಾಗಿ ಬೆಸೆದರು. ನೋವು ಹೋಯಿತು. ಶಸ್ತ್ರಚಿಕಿತ್ಸೆಗೆ ಅವರು ಸಹಿ ಹಾಕಿದ ಒಪ್ಪಿಗೆ ಪತ್ರವನ್ನು, ಆ ಬಾಲ ಮತ್ತು ಎರಡು ಚುಕ್ಕೆಗಳ ಸಮೇತ, ಕಡತಕ್ಕೆ ಸೇರಿಸಿದವಳು ನಾನೇ.

ಬೆಸೆದ ಮೇಲೆ ಏನಾಗಬಹುದೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಊಟದ ಮೇಜಿನ ಮುಂದೆ ನನಗೇ ವಿವರಿಸಿದ್ದರು. “ಕತ್ತಿನ ಏಳು ಮೂಳೆ ಅಂದ್ರೆ ಏಳು ಜನ ಗುಮಾಸ್ತರು ಅನ್ಕೋ. ಇಬ್ಬರನ್ನ ಒಂದೇ ಕುರ್ಚಿಗೆ ಕಟ್ಟಿಹಾಕಿದ್ವಿ. ಅವರು ಬಗ್ಗೋ ಏಳೋ ಕೆಲ್ಸ ಎಲ್ಲ ಈಗ ಮೇಲಿನ ಟೇಬಲ್ಲಿನವನ ತಲೇಗೆ. ಅವನು ಓವರ್‌ಟೈಮ್ ಮಾಡಿ ಮಾಡಿ, ಭಾರ ತಡೀಲಾರದೆ, ಅಂಚಿನಲ್ಲಿ ಮೂಳೆ ಬೆಳೆಸ್ಕೋತಾನೆ. ಮುಂದಕ್ಕೆ ಬೆಳೆಸ್ಕೊಂಡ್ರೆ ಪರ್ವಾಗಿಲ್ಲ. ಹಿಂದಕ್ಕೆ ಬೆಳೆಸ್ಕೊಂಡ್ರೆ ಅಲ್ಲಿ ಬೆನ್ನುಹುರಿ ಇದೆ.” ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಲೋಹದ ಪಟ್ಟಿಯ ಮೇಲಂಚು ಮೇಲಿನ ಡಿಸ್ಕಿಗೆ ತೀರಾ ಹತ್ತಿರವಿದ್ದವರಲ್ಲಿ ಕಣ್ಣಿಟ್ಟಿರಬೇಕು ಎಂದೂ ಹೇಳಿದ್ದರು. ಅವರ ಪಟ್ಟಿ ಎಲ್ಲಿದೆ ಎಂದು ಕೇಳಿದೆ. ನೋಡಿಲ್ಲ ಎಂದರು. ತಮ್ಮ ಮೂಳೆಯನ್ನು ತಾವೇ ಓದಿದರೆ ತಮಗೆ ಬೇಕಾದ್ದೇ ಕಾಣುತ್ತದೆ, ಆದ್ದರಿಂದ ಓದಕೂಡದು. ಅದು ಅವರ ಇನ್ನೊಂದು ನಿಯಮ. ಓದಲು ಬೇರೆಯವರಿದ್ದಾರಲ್ಲ.

ಬೇರೆಯವರು ಇದ್ದರು ನಿಜ. ಎಷ್ಟೊಂದು ಜನ ಇದ್ದರೆಂದರೆ, ಈಗಲೂ ನೆನೆಸಿಕೊಂಡರೆ ಹಲ್ಲು ಕಡಿಯುವಂತಾಗುತ್ತದೆ.

ನಮ್ಮ ಕನ್ನಡದ ವೈದ್ಯ ಕುಟುಂಬಗಳಲ್ಲಿ ಒಂದು ಪದ್ಧತಿಯಿದೆ. ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಲ್ಲಿಗೆ ರೋಗಿಯಾಗಿ ಹೋಗುವುದಿಲ್ಲ. ಭಾನುವಾರ ಯಾರದೋ ಹಿತ್ತಲಲ್ಲಿ ಬಾರ್ಬಿಗೆ, ಎಂದರೆ ಬಾರ್ಬೆಕ್ಯೂ ಊಟಕ್ಕೆ, ಸೇರುತ್ತಾರೆ. ತಟ್ಟೆ ಕೈಯಲ್ಲಿರುವಾಗಲೇ ಫೋನ್ ತೆಗೆದು ತಮ್ಮ ಸ್ಕ್ಯಾನಿನ ಫೋಟೊ ತೋರಿಸುತ್ತಾರೆ. ಒಬ್ಬರು ಮಸಾಲೆ ಹತ್ತಿದ ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ‘ಚೆನ್ನಾಗೇ ಕೂತಿದೆ ಬಿಡಿ’ ಎನ್ನುತ್ತಾರೆ. ಫೋನು ಮುಂದಿನ ಕೈಗೆ ಹೋಗುತ್ತದೆ. ಅಂಕಲ್‌ರ ಕತ್ತಿನ ಚಿತ್ರವನ್ನು ಹೀಗೆ ಆರು ಮಂದಿ ನೋಡಿದ್ದನ್ನು ನಾನು ಒಂದೇ ಮಧ್ಯಾಹ್ನ ಎಣಿಸಿದ್ದೇನೆ. ಅವರಲ್ಲಿ ಇಬ್ಬರು ಮೂಳೆ ತಜ್ಞರು. ಯಾರೂ ಕಡತ ತೆರೆಯಲಿಲ್ಲ, ಯಾರೂ ಒಂದು ಸಾಲು ಬರೆಯಲಿಲ್ಲ. ಅಷ್ಟು ಹಿರಿಯ ರೇಡಿಯಾಲಜಿಸ್ಟ್‌ಗೆ ನಾವೇನು ಹೇಳುವುದು ಎಂಬ ಸಂಕೋಚ ಅವರಿಗೆ. ಸರಿಯಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ ಎಂದು ನಾನು ಬೇಡಿಕೊಂಡಾಗ ಅಂಕಲ್ ತಲೆಯಾಡಿಸಿದರು. “ಎಲ್ರೂ ನಮ್ಮೋರೇ ಅಲ್ವೇನಮ್ಮಾ. ಬೇರೆಯವರ ಹತ್ರ ಹೋದ್ರೆ ಬೇಜಾರು ಮಾಡ್ಕೋತಾರೆ.” ಹತ್ತಾರು ತಜ್ಞರ ನಡುವೆ ಬದುಕಿದ ಒಬ್ಬ ತಜ್ಞನಿಗೆ ಒಬ್ಬನೇ ಒಬ್ಬ ವೈದ್ಯನಿರಲಿಲ್ಲವೆಂಬುದು ನಮ್ಮ ಸೌಜನ್ಯದ ಸಾಧನೆ.

ಮೂರು ವರ್ಷದ ನಂತರ ಅವರು ಬ್ರಿಸ್ಬೇನ್‌ಗೆ ಹೋದರು. ಮುಂದಿನ ಓದಿಗೆಂದು ನಾನೂ ಅಲ್ಲಿಗೇ ಹೋಗಿ ಇಂಡೂರೂಪಿಲ್ಲಿಯಲ್ಲಿ ಕೋಣೆ ಹಿಡಿದೆ. ಅವರ ಕಡತ ಬರಲಿಲ್ಲ. ಬೆಸುಗೆ ಸರಿಯಾಗಿದೆ ಎಂಬ ಪರ್ತ್‌ನ ಒಂದು ಹಾಳೆ ವರದಿ ಮಾತ್ರ ಅವರ ಚೀಲದಲ್ಲಿತ್ತು; ಮೂಲ ಚಿತ್ರಗಳು ಅಲ್ಲೇ ಉಳಿದವು. ಬ್ರಿಸ್ಬೇನಿನ ಹೊಸ ಎಕ್ಸ್‌ರೇ ವರದಿ ಹೇಳಿತು: ಬೆಸುಗೆ ಗಟ್ಟಿಯಾಗಿದೆ; ಮೇಲಿನ ಮೂಳೆಯಲ್ಲಿ ವಯೋಸಹಜ ಬದಲಾವಣೆ. ಅಷ್ಟರಲ್ಲಿ ಅವರು ಅಡಿಲೇಡಿಗೆ, ಮಗಳ ಮನೆಗೆ ಹತ್ತಿರವಾಗುವಂತೆ ಮಾಡ್ಬರಿ ಬಡಾವಣೆಗೆ, ವಾಸ ಬದಲಿಸುವ ಯೋಚನೆಯಲ್ಲಿದ್ದರು. ಅಲ್ಲಿಯೂ ಒಮ್ಮೆ ತೋರಿಸಿ ಬಂದರು. ಮೂರನೆಯ ವರದಿ: ಬೆಸುಗೆ ಗಟ್ಟಿ, ವಯೋಸಹಜ ಬದಲಾವಣೆ.

ಈಗ ನನ್ನ ತಪ್ಪನ್ನು ಹೇಳಬೇಕು. ಬ್ರಿಸ್ಬೇನ್‌ನಲ್ಲಿ ಒಂದು ಸಂಜೆ, ಶಾಪಿಂಗ್ ಸೆಂಟರಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವರು ಬಲಗೈಯ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ, ಅಂಗಿಯ ಗುಂಡಿ ಹಾಕುವಾಗ ಬೆರಳಿಗೆ ಕೈಗವಸು ತೊಟ್ಟಂತಿರುತ್ತದೆ ಎಂದರು. ನೋವಿಲ್ಲ, ಬರೀ ದಪ್ಪ. ನಾನು ಗಾಬರಿಯಾಗಬೇಕಿತ್ತು. ಗಾಬರಿಯಾಗುವ ಬದಲು ವಾದಿಸಿದೆ. ಮೂರು ಊರು, ಮೂರು ಸಂಸ್ಥೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಮೂವರು ಓದುಗರು. ಮೂವರೂ ಸರಿಯಿದೆ ಎನ್ನುತ್ತಿದ್ದಾರೆ. ಇದಕ್ಕಿಂತ ಬಲವಾದ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು?

“ಮೂರು ಜನಾನೂ ನಿಜಾನೇ ಹೇಳಿದಾರೆ, ವಕೀಲಮ್ಮ. ಅವತ್ತವತ್ತಿನ ನಿಜ,” ಎಂದರು. ಆಮೇಲೆ ಸ್ವಲ್ಪ ನಕ್ಕು, “ಇರ್ಲಿ. ನೀನೇ ಗೆದ್ದೆ.”

ಪಾರಿತೋಷಕ ಗೆದ್ದ ವಾದಗಳನ್ನು ನಾನು ಮರೆತಿದ್ದೇನೆ. ಆ ಸಂಜೆ ಗೆದ್ದದ್ದನ್ನು ಮರೆಯಲು ಆಗಿಲ್ಲ.

ಓದು ಮುಗಿದ ಮೇಲೆ ಅಡಿಲೇಡಿನ ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಜಾಹೀರಾತು ನೋಡಿ ತಿಳಿಸಿದವರು ಅಷ್ಟರಲ್ಲಿ ಅಲ್ಲಿಗೆ ಬಂದು ನೆಲೆಸಿದ್ದ ಅಂಕಲ್ಲೇ. ನಾನು ಸೇರಿ ಕೆಲವು ತಿಂಗಳಿಗೆ, ಅವರ ಮನೆಯ ಊಟದ ಮೇಜಿನಲ್ಲಿ, ತುತ್ತು ಬಾಯಿಗೆ ಹೋಗುವ ಮೊದಲೇ ಅನ್ನ ಬೆರಳ ಸಂದಿಯಿಂದ ತಟ್ಟೆಗೆ ಉದುರುವುದನ್ನು ನೋಡಿದೆ. ಆಂಟಿಯೂ ನೋಡಿದರು. ಆಸ್ಟ್ರೇಲಿಯಾದಲ್ಲೇ ಬೆಳೆದ, ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಒಂದು ಚಮಚ ತಂದಿಟ್ಟು, “ಡ್ಯಾಡ್, ಪ್ಲೀಸ್,” ಎಂದಳು. ಅವರು ಚಮಚ ತೆಗೆದುಕೊಂಡರು. ಅದೂ ಕೆಳಗೆ ಬಿತ್ತು. ಮೆಟ್ಟಿಲಿಳಿಯುವಾಗ ಕಾಲು ಎಲ್ಲಿ ಊರುತ್ತಿದೆಯೆಂದು ತಿಳಿಯುವುದಿಲ್ಲ ಎಂದು ಅವತ್ತೇ ಒಪ್ಪಿಕೊಂಡರು.

ಅವರು ಮೊದಲ ಬಾರಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ತಮ್ಮವರಲ್ಲದ ಒಬ್ಬ ಶಸ್ತ್ರವೈದ್ಯೆಯ ಮುಂದೆ ಕುಳಿತರು. ಜೊತೆಗೆ ನಾನಿದ್ದೆ. ಹೊಸ ಎಂಆರ್‌ಐಯಲ್ಲಿ ಬೆಸೆದ ಜಾಗದ ಮೇಲುಗಡೆ ಬೆನ್ನುಹುರಿ ಕಿರಿದಾಗಿತ್ತು, ಒಳಗೆ ಒಂದು ಬಿಳಿ ಕಲೆಯಿತ್ತು. ಆಕೆ ಕೇಳಿದ ಮೊದಲ ಪ್ರಶ್ನೆಗೆ ಅಂಕಲ್ ಕಣ್ಣು ಮುಚ್ಚಿಕೊಂಡರು. ಹಳೆಯ ಚಿತ್ರಗಳೆಲ್ಲಿ ಎಂದು ಆಕೆ ಕೇಳಿದ್ದರು. ಈ ಕಲೆ ಮೊದಲ ಶಸ್ತ್ರಚಿಕಿತ್ಸೆಗೂ ಮುಂಚಿನ ಹಳೆಯ ಗಾಯವಾಗಿದ್ದರೆ ಮತ್ತೆ ಕತ್ತು ಕೊಯ್ಯುವುದು ವ್ಯರ್ಥ ಅಪಾಯ. ಹೊಸದಾಗಿದ್ದರೆ, ಮೂಳೆ ಇನ್ನೂ ಬೆಳೆಯುತ್ತಿದ್ದರೆ, ಒಂದು ದಿನವನ್ನೂ ಕಳೆಯುವಂತಿಲ್ಲ. ಪರ್ತ್‌ನ ಚಿತ್ರಗಳು ಬಂದ ಕೂಡಲೇ ನಿರ್ಧರಿಸೋಣ.

ಅವು ಬರಲು ಒಂಬತ್ತು ವಾರ ಹಿಡಿಯಿತು.

ಬಂದ ದಿನ ಆಕೆ ಮೂರೂ ಊರಿನ ಚಿತ್ರಗಳನ್ನು ಸಾಲಾಗಿ ಇಟ್ಟರು. ಓದಲು ಬಾರದ ನನಗೂ ಕಂಡಿತು. ಪರ್ತ್‌ನಲ್ಲಿ ನಾಲ್ಕನೆಯ ಮೂಳೆಯ ಕೆಳ ಅಂಚು ನುಣುಪಾಗಿತ್ತು. ಬ್ರಿಸ್ಬೇನ್‌ನಲ್ಲಿ ಅದರ ಮೂಲೆಯಲ್ಲೊಂದು ಅಕ್ಕಿಕಾಳಿನಷ್ಟು ಉಬ್ಬು. ಅಡಿಲೇಡಿನಲ್ಲಿ ಅದು ಲೋಹದ ಪಟ್ಟಿಯ ಮೇಲೆ ಬಾಗಿದ ಕೊಕ್ಕಾಗಿತ್ತು. ಹಿಂದಿನ ಅಂಚಿನಲ್ಲಿ, ಬೆನ್ನುಹುರಿಯ ಕಡೆಗೆ, ಇನ್ನೊಂದು ದಿಣ್ಣೆ ಎದ್ದಿತ್ತು. ಪರ್ತ್‌ನ ಹಳೆಯ ಸ್ಕ್ಯಾನಿನಲ್ಲಿ ಬಿಳಿ ಕಲೆ ಇರಲೇ ಇಲ್ಲ. ಎಲ್ಲ ಸರಿಯಿದೆ ಎಂದು ಮೂರು ಬೇರೆ ಬೇರೆ ಕೋಣೆಗಳಲ್ಲಿ ಮೂವರು ಪ್ರಾಮಾಣಿಕವಾಗಿ ಬರೆದಿದ್ದರು. ಮೂರನ್ನೂ ಒಂದು ಕೋಣೆಗೆ ತಂದವರಿರಲಿಲ್ಲ. ಆ ವಾರವೇ ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ನಡಿಗೆ ಉಳಿಯಿತು. ಕೈ ಹಿಂದಿರುಗಲಿಲ್ಲ.

ಆಮೇಲೆ ನನ್ನ ವಿಭಾಗದಲ್ಲಿ ನಾನು ಹೋರಾಡಿದೆ. ಬೆಸುಗೆಯಾದ ಕತ್ತಿನ ಯಾವ ಚಿತ್ರವನ್ನೂ ಹಿಂದಿನದನ್ನು ತರಿಸದೆ ಓದಬಾರದು ಎಂಬ ಪ್ರಸ್ತಾವ ಒಂದು ಸಮಿತಿಗೆ ಹೋಯಿತು, ಅಲ್ಲಿಂದ ಉಪಸಮಿತಿಗೆ, ಅಲ್ಲಿಂದ ನಮೂನೆಯ ಕೆಳಗಿನ ಒಂದು ಚೌಕಕ್ಕೆ ಇಳಿಯಿತು: ‘ಹಿಂದಿನ ಚಿತ್ರ ಪರಿಶೀಲಿಸಿದೆ.’ ಎಲ್ಲರೂ ಅದಕ್ಕೆ ತಪ್ಪದೆ ಗುರುತು ಹಾಕುತ್ತಾರೆ. ಚಿತ್ರಗಳನ್ನು ಯಾರೂ ತರಿಸುವುದಿಲ್ಲ. ಅಂಕಲ್‌ಗೆ ಇದನ್ನು ಹೇಳಿದಾಗ ಗುರುತು ಹಾಕಲಾದರೂ ಅವರಿಗೆ ಕೈ ಇದೆಯಲ್ಲ ಬಿಡು ಎಂದರು. ಅವರು ಕಹಿಯಾಗಿ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಬಾರಿ.

ಆದರೆ ಬೀಳ್ಕೊಡುಗೆಯ ಸಭೆಯಲ್ಲಿ ನಾನು ಹೇಳದೆ ನುಂಗಿಕೊಂಡದ್ದು ಆ ಒಂಬತ್ತು ವಾರಗಳ ಕಥೆ.

ಪರ್ತ್‌ನ ಆಸ್ಪತ್ರೆ ತನ್ನ ಹಳೆಯ ಚಿತ್ರಗಳನ್ನು ಬೇರೆ ಉಗ್ರಾಣಕ್ಕೆ ಸಾಗಿಸಿತ್ತು. ಅವನ್ನು ತೆಗೆಸಲು ರೋಗಿಯ ಸಹಿಯಿರುವ ಅರ್ಜಿ ಬೇಕಿತ್ತು. ಅರ್ಜಿಯನ್ನು ನಾನು ತುಂಬಿದೆ, ಅಂಕಲ್ ಸಹಿ ಹಾಕಿದರು, ಅವತ್ತೇ ಕಳಿಸಿದೆ. ಮೂರು ವಾರ ಏನೂ ಇಲ್ಲ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅವರ ಫೋನ್ ಬಂತು: “ಇವತ್ತು ಅರ್ವೋನೇ ಬಂದ್ಹೋಗು, ಸಂಜೆ ಆಗೋದ್ರೊಳಗೆ. ಪರ್ತ್‌ನಿಂದ ಕಾಗ್ದ ಬಂದಿದೆ. ನೀನೇ ಓದ್ಬೇಕು.”

ಮಾಡ್ಬರಿಯ ಮನೆಯ ಅಡುಗೆಮನೆಯಲ್ಲಿ, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಚಿತ್ರಗಳು ಬಂದವೆಂದೇ ಭಾವಿಸಿ ಲಕೋಟೆ ಬಿಡಿಸಿದೆ. ನಮ್ಮ ಅರ್ಜಿಯೇ ಹಿಂದಿರುಗಿತ್ತು. ಜೊತೆಗೊಂದು ಪತ್ರ. ಅರ್ಜಿಯಲ್ಲಿನ ಸಹಿ ಕಡತದಲ್ಲಿರುವ ಹಳೆಯ ಸಹಿಯೊಂದಿಗೆ ಹೊಂದುತ್ತಿಲ್ಲವಾದ್ದರಿಂದ, ನಿಯಮದಂತೆ, ಅರ್ಜಿಯನ್ನು ಪುರಸ್ಕರಿಸಲಾಗುವುದಿಲ್ಲ. ವಾಕ್ಯದ ಕಟ್ಟಡವನ್ನು ನಾನು ಗುರುತಿಸಿದೆ. ಅದು ನನ್ನದೇ ವಾಕ್ಯ. ಇಷ್ಟು ವರ್ಷವಾದರೂ ಯಾರೂ ಒಂದಕ್ಷರ ಬದಲಿಸಿರಲಿಲ್ಲ. ವಿನಾಯಿತಿಗೆ ಜಾಗವಿರಲಿಲ್ಲ.

ಓದಿ ಮುಗಿಸಲು ನನಗೆ ಆಗಲಿಲ್ಲ. ಅವರು ಇನ್ನೊಮ್ಮೆ ಓದಿಸಿದರು. ಅರ್ಜಿಯನ್ನು ಎಡಗೈಯಿಂದ ತಮ್ಮ ಕಡೆಗೆಳೆದುಕೊಂಡು ತಮ್ಮದೇ ಸಹಿಯನ್ನು ನೋಡಿದರು. ಬಾಲವಿಲ್ಲ, ಚುಕ್ಕೆಗಳಿಲ್ಲ, ಬಿದ್ದ ದಾರದೆಳೆಯಂಥ ಒಂದು ಗೆರೆ, ಪೆಟ್ಟಿಗೆಯಿಂದ ಆಚೆಗೆ ಹೋಗಿತ್ತು. ಕನ್ನಡಕವನ್ನು ಹಣೆಗೇರಿಸಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಸರಿಯಾಗೇ ಇದೆಯಲ್ಲಮ್ಮಾ,” ಎಂದರು. “ಹಳೇದು ತೆಗ್ದಿದಾರೆ, ಪಕ್ಕದಲ್ಲಿ ಹೊಸದು ಇಟ್ಟಿದಾರೆ, ಬದಲಾಗಿದೆ ಅಂತ ಬರ್ದಿದಾರೆ. ಇಷ್ಟು ವರ್ಷದಲ್ಲಿ ನನ್ನ ಕೇಸನ್ನ ಸರಿಯಾಗಿ ಓದಿದ್ದು ಇದೊಂದೇ ರಿಪೋರ್ಟು.”

ಆಂಟಿ ಒಲೆಯ ಮುಂದಿನಿಂದ ತಿರುಗಿ ನೋಡಿದರು. ನಾನು ಇನ್ನೊಂದು ಅರ್ಜಿ ನಮೂನೆ ತೆಗೆದು, ಅಚ್ಚುಕಟ್ಟಾಗಿ ತುಂಬಿದೆ. ಹೆಸರು, ಹುಟ್ಟಿದ ದಿನ, ಬೇಕಾದ ಚಿತ್ರಗಳು, ತುರ್ತಿನ ಕಾರಣ. ಕೊನೆಯ ಪೆಟ್ಟಿಗೆ ಖಾಲಿ ಉಳಿಯಿತು. ಕಾಗದವನ್ನು ಅವರ ಮುಂದಿಟ್ಟು, ಪೆನ್ನನ್ನು ಅವರ ಬಲಗೈಯ ಬೆರಳುಗಳ ನಡುವೆ ಕೂರಿಸಿ, ಜಾರದಂತೆ ನನ್ನ ಬೆರಳನ್ನು ಒತ್ತಿ ಹಿಡಿದೆ. ಅವರು ಪೆನ್ನಿನ ತುದಿಯನ್ನು ಪೆಟ್ಟಿಗೆಯ ಮೇಲೆ ತಂದು, ಅಲ್ಲೇ ನಿಲ್ಲಿಸಿ, ನನ್ನ ಮುಖ ನೋಡಿದರು.

“ಈಗ ಹೇಗ್ ಹಾಕ್ಲಿ, ವಕೀಲಮ್ಮ? ಹಳೇದರ ಥರ ಬರಲ್ಲ. ಹೊಸದರ ಥರ ಹಾಕಿದ್ರೆ ನಿನ್ನ ರೂಲು ಒಪ್ಪಲ್ಲ.”